ನಾಲ್ಕು-ಎರಡು-ಎರಡು ಮತ್ತು ಒಂದನೇ ನಂಬರಿನ ಮಣೂಕ

ಬೇರೆಯವರಿಗೆ ಕಾಣದ್ದೇನೋ ತನಗೊಬ್ಬನಿಗೇ ಕಾಣುತ್ತದೆ ಎಂದು ನಂಬಿಕೊಂಡ ಗಂಡಸಿನ ಜೊತೆ ಸಂಸಾರ ಮಾಡುವುದು ಸುಲಭದ ಕೆಲಸವಲ್ಲ. ಅಂಥವನು ಸಾಧುವಾಗಿ ಗುಡ್ಡ ಸೇರಿದರೆ ಜನ ಕಾಯಿ-ಕರ್ಪೂರ ಹಿಡಿದುಕೊಂಡು ಹೋಗುತ್ತಾರೆ. ಜ್ಯೋತಿಷ್ಯ ಹೇಳಲು ಕೂತರೆ ಮನೆಯ ಮುಂದೆ ಚಪ್ಪಲಿಗಳ ಸಾಲು ನಿಲ್ಲುತ್ತದೆ. ಆದರೆ ಅವನು ಬಬಲೇಶ್ವರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ, ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತ, ವಿಜಯಪುರದ ಜೋರಾಪುರ ಪೇಟೆಯ ಹಳೇ ಮನೆಯಲ್ಲಿ ಹೆಂಡತಿ ಮತ್ತು ತಾಯಿಯ ಜೊತೆ ಇದ್ದುಕೊಂಡು, ಸಂಜೆಯಾದರೆ ಟೀವಿಯ ಮುಂದೆ ಕೂತು "ಆ ಬಣ್ಣ ನೋಡು, ಆ ಬಣ್ಣ!" ಎಂದು ಕೂಗುವವನಾದರೆ ಅವನನ್ನು ಯಾರೂ ಪೂಜಿಸುವುದಿಲ್ಲ. "ಏನ್ ಬಣ್ಣಾರಿ? ಎಲ್ಲಾರ ಟೀವಿಯಾಗ ಬರೂ ಬಣ್ಣನ ಅಲ್ಲೇನು?" ಎಂದು ಕೇಳುತ್ತಾರೆ. ಆ ಗಂಡಸು ನಾನು. ಹಾಗೆ ಕೇಳುವವಳು ನನ್ನ ಹೆಂಡತಿ ಕಸ್ತೂರಿ. ಇಪ್ಪತ್ತೇಳು ವರ್ಷದಿಂದ ನನ್ನನ್ನು ನಿಭಾಯಿಸಿದ್ದಾಳೆ, ಅದರಲ್ಲಿ ಕೊನೆಯ ಮೂರು ವರ್ಷ ಡಿಶ್ ಸಮೇತ.

ನನ್ನ ಹುಚ್ಚು ಎಂಥದೆಂದು ಮೊದಲು ಹೇಳಿಬಿಡುತ್ತೇನೆ. ಎಲ್ಲೋ ಒಂದು ಪಂದ್ಯ ನಡೆಯುತ್ತದೆ, ಎಲ್ಲೋ ಒಂದು ಸಭೆ, ಒಂದು ಮೆರವಣಿಗೆ. ಅಲ್ಲಿಗೆ ಚಾನೆಲ್ಲಿನವರ ವ್ಯಾನು ಬರುತ್ತದೆ. ವ್ಯಾನಿನ ನೆತ್ತಿಯ ಮೇಲಿನ ತಟ್ಟೆಯಿಂದ ಚಿತ್ರ ಉಪಗ್ರಹಕ್ಕೆ ಹಾರಿ, ಅಲ್ಲಿಂದ ಚಾನೆಲ್ಲಿನ ಕಚೇರಿಗೆ ಇಳಿಯುತ್ತದೆ. ಕಚೇರಿಯವರು ಅದಕ್ಕೆ ಜಾಹೀರಾತು ಸೇರಿಸಿ, ಕೆಳಗೆ ಓಡುವ ಅಕ್ಷರ ಅಂಟಿಸಿ, ಮೂಲೆಯಲ್ಲಿ ತಮ್ಮ ಗುರುತು ಒತ್ತಿ, ಆಮೇಲೆ ನಿಮ್ಮ ಮನೆಗೆ ಕಳಿಸುತ್ತಾರೆ. ಆ ಮೊದಲನೇ ಹಾರಾಟವಿದೆಯಲ್ಲ, ಅದಕ್ಕೆ ಫೀಡು ಎನ್ನುತ್ತಾರೆ. ಎಷ್ಟೋ ಫೀಡುಗಳು ಬೀಗ ಹಾಕಿಕೊಂಡು ಹೋಗುತ್ತವೆ. ಅವುಗಳ ತಂಟೆಗೆ ನಾನು ಹೋದವನಲ್ಲ. ಕೆಲವು ಮಾತ್ರ ಬಾಗಿಲು ತೆರೆದಿಟ್ಟುಕೊಂಡೇ ಹೋಗುತ್ತವೆ. ದೊಡ್ಡ ಡಿಶ್ಶೂ ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುವ ತಾಳ್ಮೆಯೂ ಇದ್ದವನಿಗೆ ಅವು ಸಿಗುತ್ತವೆ. ಹಾಗೆ ಸಿಕ್ಕಿದ್ದರಲ್ಲಿ ನಾನು ಏನೇನು ನೋಡಿಲ್ಲ! ಪಂದ್ಯಕ್ಕಿಂತ ಎರಡು ತಾಸು ಮೊದಲು ಮೈದಾನಕ್ಕೆ ನೀರು ಹೊಡೆಯುವುದನ್ನು ನೋಡಿದ್ದೇನೆ. ವರದಿಗಾರನೊಬ್ಬ ಮೈಕು ಕಂಕುಳಲ್ಲಿ ಹಿಡಿದು ನೆಮ್ಮದಿಯಿಂದ ಬಾಳೆಹಣ್ಣು ತಿಂದು, ಸಿಪ್ಪೆ ಎಲ್ಲಿ ಎಸೆಯಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡು, ಮರುಕ್ಷಣ ಗಂಭೀರ ಮುಖ ಮಾಡಿ ದೇಶದ ಸ್ಥಿತಿಗತಿ ಹೇಳತೊಡಗಿದ್ದನ್ನು ನೋಡಿದ್ದೇನೆ. ಸುದ್ದಿಯೆಲ್ಲ ನಿಮಗಿರಲಿ, ಆ ಸಿಪ್ಪೆಯನ್ನು ಕಂಡವನು ನಾನು.

ಡಿಶ್ಶನ್ನು ತಂದ ಕತೆಯೂ ಇದೆ. ಗಾಂಧಿ ಚೌಕದ ಹತ್ತಿರ ಕೇಬಲ್ ನಡೆಸುತ್ತಿದ್ದ ನನ್ನ ಪರಿಚಯದವರೊಬ್ಬರು ಆ ಧಂದೆ ಮುಚ್ಚಿ ಬಟ್ಟೆ ಅಂಗಡಿ ಹಾಕಿದಾಗ, ಏಳಡಿ ಅಗಲದ ಡಿಶ್ಶನ್ನು "ಒಯ್ರಿ ಮಾರಾಯರ, ಜಾಗಾ ಆಗತೈತಿ" ಎಂದು ಸುಮ್ಮನೆ ಕೊಟ್ಟರು. ಗೂಡ್ಸ್ ಆಟೋದಲ್ಲಿ ಅದನ್ನು ಬೋರಲು ಮಲಗಿಸಿ, ನಾನು ಅದರ ಮೇಲೆ ಕೂತು ಚೌಕದ ಗದ್ದಲದಲ್ಲಿ ಹಾಯ್ದು ಬರುವಾಗ ಜನ ದಾರಿ ಬಿಟ್ಟರು. ಒಬ್ಬರು ಮಾತ್ರ ಆಟೋ ನಿಲ್ಲಿಸಿ "ಕಡಾಯಿ ಭಾಳ ದೊಡ್ಡದೈತಿ, ಯಾರ ಮನಿ ಲಗ್ನಾರಿ?" ಎಂದು ಕೇಳಿದರು. ಮನೆಯ ಮಾಳಿಗೆಯ ಮೇಲೆ ಅದನ್ನು ನಿಲ್ಲಿಸಿದ ದಿನವೇ ನನ್ನ ಅವ್ವ ಅದಕ್ಕೆ ಬುಟ್ಟಿ ಎಂದು ಹೆಸರಿಟ್ಟಳು. ಕಸ್ತೂರಿ ಛತ್ರಿ ಎಂದಳು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸಿಗ್ನಲ್ ಇದ್ದಕ್ಕಿದ್ದಂತೆ ಹೋಯಿತು. ನಾನು ಉಪಗ್ರಹಕ್ಕೇ ಏನೋ ಅಪಾಯವಾಗಿದೆಯೆಂದು ಗಾಬರಿಯಾಗಿ ಮೇಲೆ ಓಡಿದರೆ, ಅವ್ವ ಬುಟ್ಟಿಯ ಹೊಟ್ಟೆಗೆ ಹಳೇ ಧೋತರ ಹಾಸಿ ಸಂಡಿಗೆ ಒಣಗಿಸಲು ಇಟ್ಟಿದ್ದಳು. "ಇಲ್ಲೆ ಬಿಸಲು ಛಲೋ ಕೂಡತೈತಿ ಯಪ್ಪಾ, ಲಗೂನ ಒಣಗತಾವು" ಎಂದಳು. ವಿಜ್ಞಾನದ ದೃಷ್ಟಿಯಿಂದ ಆ ಮಾತಿನಲ್ಲಿ ತಪ್ಪಿರಲಿಲ್ಲ.

ಇನ್ನು ಬಣ್ಣದ ವಿಷಯ. ಮೊದಮೊದಲು ಒಳ್ಳೊಳ್ಳೆಯ ಫೀಡುಗಳು ಸಿಕ್ಕರೂ ನನ್ನ ಸೆಟ್‌ಟಾಪ್ ಡಬ್ಬಿಯಲ್ಲಿ ಧ್ವನಿ ಮಾತ್ರ ಬರುತ್ತಿತ್ತು, ಪರದೆ ಕಪ್ಪಗಿರುತ್ತಿತ್ತು. ಕಾರಣ ಹುಡುಕುತ್ತ ಹೋದಾಗ ನಾಲ್ಕು-ಎರಡು-ಎರಡು ಎಂಬ ಮೂರು ಅಂಕಿಗಳು ನನ್ನ ಜೀವನದೊಳಗೆ ಬಂದವು. ಟೀವಿಯ ಚಿತ್ರವೆಂದರೆ ಲಕ್ಷಾಂತರ ಚುಕ್ಕೆ. ಪ್ರತಿ ಚುಕ್ಕೆಗೂ ಬೆಳಕು ಅದರದೇ ಇರುತ್ತದೆ, ಆದರೆ ಬಣ್ಣದಲ್ಲಿ ಜಿಪುಣತನ ಮಾಡುತ್ತಾರೆ. ನಮ್ಮ ನಿಮ್ಮ ಮನೆಯ ಟೀವಿಗೆ ಬರುವ ಚಿತ್ರದಲ್ಲಿ ನಾಲ್ಕು ಚುಕ್ಕೆಗೆ ಒಂದೇ ಪಾಲು ಬಣ್ಣ. ನಾಲ್ಕು ಮಂದಿ ಹೋಟೆಲ್ಲಿಗೆ ಹೋಗಿ ಒಂದೇ ಕಪ್ಪಿನ ಚಹಾ ಹಂಚಿಕೊಂಡ ಹಾಗೆ. ನಾಲ್ಕು-ಎರಡು-ಎರಡರ ಫೀಡಿನಲ್ಲಿ ಇಬ್ಬರಿಗೆ ಒಂದು ಕಪ್ಪು. ಮನೆಯ ಡಬ್ಬಿಗೆ ಈ ಧಾರಾಳತನ ಅರ್ಥವಾಗುವುದಿಲ್ಲ, ಹಾಗಾಗಿ ಕಣ್ಣು ಮುಚ್ಚಿಕೊಳ್ಳುತ್ತದೆ. ಅದಕ್ಕೆ ಕಂಪ್ಯೂಟರಿನೊಳಗೆ ಕೂಡಿಸುವ ಬೇರೆ ಕಾರ್ಡು ಬೇಕು. ಅದನ್ನು ತರಿಸಿ, ಕೂಡಿಸಿ, ಕಂಪ್ಯೂಟರಿನಿಂದ ಟೀವಿಗೆ ವೈರು ಎಳೆದು ಎಲ್ಲರಿಗೂ ಈ ಚಹಾದ ಲೆಕ್ಕ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ಒಬ್ಬೊಬ್ಬರಿಗೆ ಒಂದೊಂದ ಕಪ್ಪ ಕೊಡಾಕ ಅವರಿಗೇನ ಧಾಡಿ?" ಎಂದಳು. ಅಂಥದೂ ಒಂದಿದೆ ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಮೊದಲ ಸಲ ಪರದೆಯ ಮೇಲೆ ಬಂದದ್ದು ಆಟವೂ ಅಲ್ಲ, ಊಟವೂ ಅಲ್ಲ. ಯಾವುದೋ ವ್ಯಾನಿನವರು ಯಂತ್ರ ಪರೀಕ್ಷೆಗೆ ಹಾಕಿದ್ದ ಉದ್ದುದ್ದ ಬಣ್ಣದ ಪಟ್ಟೆಗಳು. ನಾನು ಅವನ್ನೇ ಅರ್ಧ ತಾಸು ನೋಡಿದೆ, ಮನೆಯವರಿಗೂ ತೋರಿಸಿದೆ. ಕಸ್ತೂರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು, "ಪಟ್ಟೆಪಟ್ಟೆ ಸೀರಿ ಇದ್ದಂಗ ಐತಿ. ಇದಕ್ಕ ಇಷ್ಟ ದೊಡ್ಡ ಛತ್ರಿ ಬೇಕಿತ್ತೇನ್ರಿ?" ಎಂದಳು. ಅವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ, ಸೀರೆಗೆ ಫಾಲ್ ಹಚ್ಚುತ್ತಾಳೆ, ಓಣಿಯ ನಾಲ್ಕೈದು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ದಿನವಿಡೀ ಬಣ್ಣದ ನಡುವೆಯೇ ಇರುವವಳು. ಅವಳಿಗೇ ಕಾಣದ ವ್ಯತ್ಯಾಸ ನನಗೆ ಕಾಣುತ್ತದಲ್ಲ ಎಂಬ ಹೆಮ್ಮೆ ಆ ದಿನದಿಂದ ನನ್ನಲ್ಲಿ ಬೇರುಬಿಟ್ಟಿತು. ಬಬಲೇಶ್ವರದ ಕಚೇರಿಯಲ್ಲಿ ಊಟದ ಹೊತ್ತಿಗೆ ಇದೇ ಮಾತು. ನಮ್ಮ ಜವಾನ ಬಸಲಿಂಗಪ್ಪ ಒಂದು ದಿನ ಬಹಳ ಗೌರವದಿಂದ ಕೇಳಿದ: "ಸಾಹೇಬ್ರ, ನಿಮ್ಮ ಟೀವಿಯಾಗ ಧಾರಾವಾಹಿ ಬರತಾವೇನ್ರಿ?" ಇಲ್ಲ ಎಂದೆ. "ಸಿನಿಮಾ?" ಇಲ್ಲ. "ಹವಾಮಾನ?" ಅದೂ ಇಲ್ಲ. ಬಸಲಿಂಗಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಆದ್ರ ಬಣ್ಣ ಛಲೋ ಬರತಾವಲ್ರಿ, ಅಷ್ಟ ಸಾಕ ಬಿಡ್ರಿ" ಎಂದು ನನ್ನನ್ನು ಸಮಾಧಾನ ಮಾಡಿದ.

ಹೀಗಿರುವಾಗ ಕಸ್ತೂರಿಯ ಹತ್ತಿರ ಹೊಲಿಗೆ ಕಲಿಯಲು ಬರುವವರು ಹೆಚ್ಚಾದರು. ಪಡಸಾಲೆಯಲ್ಲಿ ನಾಲ್ಕು ಮಿಷಿನ್ನು ಹಾಕಿದರೆ ಕಾಲಿಡಲು ಜಾಗವಿಲ್ಲ. ಮಾಳಿಗೆಯ ಮೇಲೆ ತಗಡಿನ ಶೆಡ್ಡು ಹಾಕಿಸಿ ಅಲ್ಲಿ ಕ್ಲಾಸು ನಡೆಸಬೇಕೆಂದು ಅವಳ ವಿಚಾರ. ಮಾಳಿಗೆಯ ನಡು ಮಧ್ಯದಲ್ಲಿ ನನ್ನ ಡಿಶ್ಶು ಕೂತಿತ್ತು. "ನೋಡ್ರಿ, ಈ ತಿಂಗಳ ಕಡೀತನಾ ನಿಮಗ ಟೈಮ್ ಕೊಡ್ತೀನಿ. ಈ ಛತ್ರಿಯಿಂದ ನಮ್ಮ ಮನಿಗೆ ಏನರ ಒಂದ ಉಪಯೋಗ ಆತು ಅಂತ ತೋರಿಸ್ರಿ, ಇರಲಿ. ಇಲ್ಲಾಂದ್ರ ಬಂದಂಗ ಆಟೋದಾಗ ಹೋಗಲಿ" ಎಂದಳು. ಅವಳು ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಟೇಪು ಹಿಡಿದು ಮಾಳಿಗೆಯನ್ನು ಅಳೆಯುತ್ತ, ಶಾಂತವಾಗಿ ಹೇಳಿದಳು. ಉಪಯೋಗ ಎಂಬ ಶಬ್ದ ನನ್ನ ಹವ್ಯಾಸದ ಹತ್ತಿರ ಅಲ್ಲಿಯವರೆಗೆ ಸುಳಿದೇ ಇರಲಿಲ್ಲ.

ಆಗ ತಿಕೋಟಾದಿಂದ ಫೋನು ಬಂತು. ಕಸ್ತೂರಿಯ ತಮ್ಮ ಮಲ್ಲಪ್ಪನದು. ಮಲ್ಲಪ್ಪ ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಹಣ್ಣನ್ನು ಹಾಗೇ ಮಾರದೆ ನೆರಳಿನ ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾನೆ. ನಮ್ಮ ಕಡೆ ಅದಕ್ಕೆ ಮಣೂಕ ಎನ್ನುತ್ತೇವೆ. ಆ ವರ್ಷ ಅವನ ಮಣೂಕ ಬಹಳ ಚೆನ್ನಾಗಿ ಬಂದು, ಸುತ್ತಲಿನವರೆಲ್ಲ ನೋಡಲು ಬರುತ್ತಿದ್ದರು. "ಮಾಮಾರ, ಶನಿವಾರ ನಾಕ ಗಂಟೆಕ್ಕ ನಾ ಟೀವಿಯಾಗ ಬರಾಂವ ಅದೀನಿ. ಚಾನೆಲ್ಲಿನವರು ತೋಟಕ್ಕ ಬರಾಕತ್ತಾರ. ನೇರ ಪ್ರಸಾರ ಅಂತ!" ಎಂದ. ಸಂಭ್ರಮದಲ್ಲಿ ಅವನ ಧ್ವನಿ ಫೋನು ದಾಟಿ ಅಡುಗೆಮನೆಯವರೆಗೂ ಕೇಳಿತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಮಲ್ಲು, ವ್ಯಾನಿನ ನೆತ್ತಿ ಮ್ಯಾಲ ತಾಟ ಇರತೈತೇನು?" ಕೆಲವರು ಈಗ ಬೆನ್ನಿಗೆ ಕಟ್ಟಿಕೊಳ್ಳುವ ಸಣ್ಣ ಚೀಲದಿಂದಲೇ ಮೊಬೈಲ್ ಜಾಲದ ಮೇಲೆ ಚಿತ್ರ ಕಳಿಸುತ್ತಾರೆ, ಹಾಗಾದರೆ ನನ್ನ ಕತೆ ಮುಗಿಯಿತು. ಮಲ್ಲಪ್ಪ ವಿಚಾರಿಸಿ ತಿರುಗಿ ಫೋನು ಮಾಡಿದ. "ಐತಂತ್ರಿ. ನಮ್ಮ ತೋಟದಾಗ ಮೊಬೈಲಿಗೆ ಮಾತಾಡಾಕಷ್ಟ ರೇಂಜ್ ಸಿಗತೈತಿ, ಚಿತ್ರ ಹೋಗಂಗಿಲ್ಲ, ಅದಕ್ಕ ತಾಟಿನ ಗಾಡಿನ ತರತಾರಂತ." ತಿಕೋಟಾದ ಹೊಲದಲ್ಲಿ ರೇಂಜು ಸಾಲದಿರುವುದಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯ ಬೇರೆ ಇರಲಾರ.

ಅದು ಎರಡನೇ ಶನಿವಾರ, ಕಚೇರಿಗೆ ರಜೆ. ಮಧ್ಯಾಹ್ನ ಊಟವಾದ ಕೂಡಲೇ ನಟ್ಟು ತಿರುಗಿಸುವ ಪಾನಾ ಹಿಡಿದು ಮಾಳಿಗೆ ಹತ್ತಿದೆ. ಯಾವ ಉಪಗ್ರಹ, ಯಾವ ಜಾಗ ಎಂಬುದು ಗೊತ್ತಿಲ್ಲದೆ ಎರಡು ಕಡೆ ಹುಡುಕಿ ಬೆವೆತು, ಕೊನೆಗೆ ಮಾನ ಬಿಟ್ಟು ಮಲ್ಲಪ್ಪನಿಗೇ ಫೋನು ಮಾಡಿ, ವ್ಯಾನಿನ ಇಂಜಿನಿಯರನ್ನು ಕೇಳಿ ಅಂಕಿಗಳನ್ನು ಹೇಳು ಎಂದೆ. ಅವನು ಬರೆದುಕೊಂಡು ಬಂದ, ಆದರೆ ಓದಲಾಗಲಿಲ್ಲ. "ಚಸ್ಮಾ ತಗಸ್ಯಾರ್ರಿ ಮಾಮಾರ. ಬಿಸಿಲಿಗೆ ಹೊಳಿತಾವಂತ. ಚಾನೆಲ್ಲಿನ ಮೇಡಂ ಅಂದ್ರು, ಚಸ್ಮಾ ಇಲ್ಲದ ಛಂದ ಕಾಣತೀರಿ ಅಂತ" ಎಂದು ನಾಚಿಕೊಂಡ. ಅವನ ಹೆಂಡತಿ ಶಾಂತಾ ಫೋನು ತೆಗೆದುಕೊಂಡು ಅಂಕಿಗಳನ್ನು ಓದಿ ಹೇಳಿ, "ಅಣ್ಣಾರ, ಮುಂಜಾನಿಂದ ಕನ್ನಡಿ ಬಿಟ್ಟ ಸರದಿಲ್ಲರಿ ಇವರು" ಎಂದು ಸೇರಿಸಿದಳು. ಡಿಶ್ಶನ್ನು ಪಶ್ಚಿಮಕ್ಕೆ ಸ್ವಲ್ಪ ವಾಲಿಸಿ ಕೆಳಗೆ ಬಂದು ಕಂಪ್ಯೂಟರಿಗೆ ಅಂಕಿಗಳನ್ನು ಕೊಟ್ಟೆ. ಪರದೆ ಒಮ್ಮೆ ನಡುಗಿತು. ಆಮೇಲೆ ನನ್ನ ಮನೆಯ ಪಡಸಾಲೆಯಲ್ಲಿ ತಿಕೋಟಾದ ದ್ರಾಕ್ಷಿ ತೋಟ ಅರಳಿತು.

ಆ ಕ್ಷಣವನ್ನು ನಾನು ಮರೆಯಲಾರೆ. ಗುರುತಿಲ್ಲ, ಅಕ್ಷರವಿಲ್ಲ, ಜಾಹೀರಾತಿಲ್ಲ. ಬಳ್ಳಿಯ ಮೇಲಿನ ಬಿಸಿಲು, ಹಿಂದೆ ಶೆಡ್ಡು, ಮುಂದೆ ಬಟ್ಟೆ ಹಾಸಿದ ಮೇಜು, ಮೇಜಿನ ಪಕ್ಕದಲ್ಲಿ ಹೊಸ ಅಂಗಿ ತೊಟ್ಟು ಮದುಮಗನ ಹಾಗೆ ನಿಂತ ಮಲ್ಲಪ್ಪ. ಅವ್ವ ಗೋಡೆ ಬಿಟ್ಟು ಮುಂದಕ್ಕೆ ಸರಿದು, "ಯವ್ವಾ, ಮಲ್ಲ್ಯಾ ನೋಡ್ ಬೇ! ಕೈ ನೀಡಿದ್ರ ಸಿಗತಾನ!" ಎಂದಳು. ಕಸ್ತೂರಿ ಮಿಷಿನ್ನು ಬಿಟ್ಟು ಓಡಿ ಬಂದಳು. ಮೊದಲ ಸಲ ಅವಳು ನನ್ನ ಪರದೆಯ ಮುಂದೆ ನಿಂತು ಬಾಯಿಗೆ ಕೈ ಇಟ್ಟುಕೊಂಡದ್ದು ಅಂದೇ. ತಮ್ಮ ಕಾಲರು ಸರಿಮಾಡಿಕೊಳ್ಳುವುದು, ಶಾಂತಾ ಮೇಜಿನ ಮೇಲೆ ತಟ್ಟೆ ಜೋಡಿಸುವುದು, ನಾಯಿಯೊಂದು ನಿಧಾನವಾಗಿ ಬಂದು ಕ್ಯಾಮೆರಾವನ್ನು ಮೂಸಿ ಹೋದದ್ದು, ಎಲ್ಲಾ ಕಂಡೆವು. "ಇನ್ನೂ ಅರ್ಧಾ ತಾಸ ಐತಿ. ನಾ ಚಹಾ ಮಾಡ್ಕೊಂಡ ಬರತೀನಿ, ಆಮ್ಯಾಲ ಒಂದ ಕಡೆ ಕೂತ ನೋಡೂನು" ಎಂದು ಕಸ್ತೂರಿ ಒಳಗೆ ಹೋದಳು. ಅವಳು ಹೋಗದೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೇಜಿನ ಮೇಲೆ ಎರಡು ದೊಡ್ಡ ತಟ್ಟೆಗಳಿದ್ದವು. ಒಂದರ ಮುಂದೆ "ಒಂದನೇ ನಂಬರ್", ಇನ್ನೊಂದರ ಮುಂದೆ "ಎರಡನೇ ನಂಬರ್" ಎಂದು ಬರೆದ ಕಾರ್ಡು. ಮಣೂಕವನ್ನು ಬಣ್ಣದ ಮೇಲೆ ವಿಂಗಡಿಸುತ್ತಾರೆ. ಹಸಿರು ಉಳಿಸಿಕೊಂಡು ಒಣಗಿದ್ದು ಒಂದನೇ ನಂಬರು, ಕಂದು ಬಣ್ಣಕ್ಕೆ ತಿರುಗಿದ್ದು ಎರಡನೆಯದು. ಇಷ್ಟು ನನಗೂ ಗೊತ್ತಿತ್ತು. ಕ್ಯಾಮೆರಾದವರು ಎರಡೂ ತಟ್ಟೆಗಳನ್ನು ಹತ್ತಿರದಿಂದ ತೋರಿಸಿದರು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಎರಡನೇ ನಂಬರಿನ ತಟ್ಟೆಯದು ಎಣ್ಣೆ ಹಚ್ಚಿದಂತೆ ಮಿರಿಮಿರಿ ಮಿಂಚುತ್ತಿತ್ತು. ಒಂದನೇ ನಂಬರಿನದು ಸಪ್ಪೆಯಾಗಿತ್ತು. ಶಾಂತಾ ಗಡಿಬಿಡಿಯಲ್ಲಿ ತಟ್ಟೆ ಅದಲುಬದಲು ಮಾಡಿದ್ದಾಳೆ! ಇನ್ನು ಸ್ವಲ್ಪ ಹೊತ್ತಿಗೆ ಇಡೀ ರಾಜ್ಯದ ಮುಂದೆ ನನ್ನ ಹೆಂಡತಿಯ ತಮ್ಮನ ಮರ್ಯಾದೆ ಹೋಗಲಿದೆ. ಅದನ್ನು ಮೊದಲೇ ಕಂಡವನು, ಅದೂ ಇಬ್ಬರಿಗೊಂದು ಕಪ್ಪಿನ ಬಣ್ಣದಲ್ಲಿ ಕಂಡವನು, ಜಗತ್ತಿನಲ್ಲಿ ನಾನೊಬ್ಬನೇ. ಉಪಯೋಗ ಬೇಕಿತ್ತಲ್ಲ ಕಸ್ತೂರಿಗೆ, ತಗೋ ಉಪಯೋಗ!

ಫೋನು ಮಾಡಿದೆ. "ಲೇ ಮಲ್ಲು, ತಾಟ ಅದಲಬದಲ ಆಗ್ಯಾವು. ನಂಬರ್ ಒಂದ ಅನ್ನೂ ಕಾರ್ಡಿನ ಮುಂದ ಎರಡನೇ ನಂಬರಿನ ಮಣೂಕ ಇಟ್ಟಾರ."

ಮಲ್ಲಪ್ಪ ಪರದೆಯ ಮೇಲೆ ಕಣ್ಣು ಕಿರಿದು ಮಾಡಿ ಮೇಜಿನ ಕಡೆ ಬಗ್ಗಿದ. "ಹೌದೇನ್ರಿ? ನನಗ ಚಸ್ಮಾ ಇಲ್ಲದ, ಇವರ ಲೈಟಿನ ಝಳಕ್ಕ ಎಲ್ಲಾ ಒಂದ ರಾಶಿ ಕಾಣಾಕತ್ತೈತ್ರಿ. ಶಾಂತಾನ ಇಟ್ಟಾಳ, ಅಕಿ ತಪ್ಪಂಗಿಲ್ಲ..."

"ನಾ ಇಲ್ಲೆ ಕಣ್ಣಾರೆ ನೋಡಾಕತ್ತೇನಿ. ನಿಮಗಿಂತ ಎರಡಪಟ್ಟ ಬಣ್ಣ ಬರತೈತಿ ನನ್ನ ಟೀವಿಯಾಗ. ಲಗೂನ ಬದಲ ಮಾಡು!"

"ನೀವು ಅಂದ ಮ್ಯಾಲ ಆತ ಬಿಡ್ರಿ ಮಾಮಾರ" ಎಂದು ಮಲ್ಲಪ್ಪ ಫೋನು ಜೇಬಿಗಿಟ್ಟು, ನನ್ನ ಕಣ್ಣೆದುರೇ ಎರಡೂ ತಟ್ಟೆಗಳನ್ನು ಎತ್ತಿ ಅದಲುಬದಲು ಮಾಡಿದ. ಶಾಂತಾ ಆ ಹೊತ್ತಿಗೆ ಚಾನೆಲ್ಲಿನವರಿಗೆ ನೀರು ತರಲು ಮನೆಯ ಕಡೆ ಹೋಗಿದ್ದಳು. ಇಪ್ಪತ್ತು ಕಿಲೋಮೀಟರು ದೂರ ಕೂತು, ಮೂವತ್ತಾರು ಸಾವಿರ ಕಿಲೋಮೀಟರು ಮೇಲಿನ ಉಪಗ್ರಹದ ಸಹಾಯದಿಂದ ಒಬ್ಬ ರೈತನ ಮಾನ ಉಳಿಸಿದ ತೃಪ್ತಿಯಿಂದ ನಾನು ಗೋಡೆಗೆ ಒರಗಿದೆ.

ಕಸ್ತೂರಿ ಚಹಾ ತಂದಳು. ಕಪ್ಪು ನನ್ನ ಕೈಗೆ ಕೊಡುತ್ತ ಪರದೆ ನೋಡಿದವಳು ಹಾಗೇ ನಿಂತಳು.

"ಅಯ್ಯ, ಇದೇನ್ರಿ? ತಾಟ ಯಾರ ಬದಲ ಮಾಡ್ಯಾರ?"

"ನಾ ಮಾಡಿಸೇನಿ" ಎಂದೆ, ಸಾಧ್ಯವಾದಷ್ಟು ವಿನಯದಿಂದ.

"ನಂಬರ್ ಒಂದ ಅಂತ ಬರದಿದ್ದರ ಮುಂದ ಕಂದ ಮಣೂಕ ಇಟ್ಟೈತಲ್ರಿ! ಹಸರು ಆ ಕಡೆ ಹೋಗೇತಿ!"

"ಯಾವ ಹಸರು?"

ಅವಳು ನನ್ನ ಮುಖ ನೋಡಿದಳು. ನಾನು ಪರದೆ ನೋಡಿದೆ. ನನಗೆ ಅಲ್ಲಿ ಕಂಡದ್ದು ಎರಡು ತಟ್ಟೆ ಮಣೂಕ, ಒಂದು ಮಿಂಚುವುದು, ಒಂದು ಮಿಂಚದಿರುವುದು. ಅಷ್ಟೇ. "ಫೋನ್ ಹಚ್ರಿ ಲಗೂ!" ಎಂದು ಅವಳು ಚೀರಿದಳು. ಹಚ್ಚಿದೆ. ಮಲ್ಲಪ್ಪನ ಫೋನು ಬಂದ್ ಆಗಿತ್ತು. ಮೈಕು ಕಟ್ಟುವಾಗ ಬಂದ್ ಮಾಡಿಸಿದ್ದರು. ಶಾಂತಾಳ ಫೋನು ಹೊಡೆದುಕೊಳ್ಳುವುದು ನಮಗೇ ಕೇಳಿಸಿತು, ಟೀವಿಯೊಳಗಿನಿಂದ. ಮೇಜಿನ ಕೆಳಗಿನ ಬುಟ್ಟಿಯಲ್ಲಿ ಅದು ಹಾಡುತ್ತಿತ್ತು, ಯಾರೋ ಬಂದು ಬಾಯಿ ಮುಚ್ಚಿಸಿದರು. ವರದಿಗಾರ್ತಿ ಮೈಕು ಹಿಡಿದು ನಿಂತಳು. ಎಲ್ಲವನ್ನೂ ಮೊದಲೇ ನೋಡುವ ಯೋಗವಿದ್ದ ನಮ್ಮ ಮನೆಯಲ್ಲಿ ಮೂರು ಜನ ಉಸಿರು ಬಿಗಿಹಿಡಿದು ಕೂತೆವು. ಅವ್ವ ಮಾತ್ರ ಚಹಾ ಕುಡಿಯುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. ಹಾಗಾಗಿ ಎರಡೇ ಜನ.

ಪ್ರಸಾರ ಶುರುವಾಯಿತು. ಮಲ್ಲಪ್ಪ ಚೆನ್ನಾಗಿಯೇ ಮಾತಾಡಿದ. ಬಳ್ಳಿ, ನೀರು, ನೆರಳಿನ ಪರದೆ, ಎಲ್ಲಾ ಹೇಳಿದ. ಆಮೇಲೆ ವರದಿಗಾರ್ತಿ ಮೇಜಿನ ಹತ್ತಿರ ಬಂದು, "ಹಾಗಾದ್ರೆ ಇದೇ ನಿಮ್ಮ ನಂಬರ್ ಒನ್ ಒಣದ್ರಾಕ್ಷಿ, ಅಲ್ವಾ?" ಎಂದಳು. "ಹೌದ್ರಿ, ನಮ್ಮ ಕಡೆ ಹಸರು ಮಣೂಕ ಅಂತೀವಿ. ನೀವೂ ಬಾಯಾಗ ಹಾಕ್ಕೊಂಡ ನೋಡ್ರಿ" ಎಂದು ಮಲ್ಲಪ್ಪ ಒಂದು ಹಿಡಿ ಅವಳಿಗೆ ಕೊಟ್ಟು, ನಾಲ್ಕು ತನ್ನ ಬಾಯಿಗೂ ಹಾಕಿಕೊಂಡ. ಕಸ್ತೂರಿ ಕಣ್ಣು ಮುಚ್ಚಿದಳು. ಮಲ್ಲಪ್ಪ ಎರಡು ಸಲ ಅಗಿದು ನಿಂತುಬಿಟ್ಟ. ಮುಖದ ಮೇಲಿನ ನಗು ಹಾಗೇ ಇತ್ತು, ದವಡೆ ಮಾತ್ರ ನಿಂತಿತ್ತು. ಇನ್ನೊಂದು ತಟ್ಟೆಗೆ ಕೈ ಹಾಕಿ ಅದನ್ನೂ ತಿಂದ. ಮತ್ತೆ ಅಗಿಯತೊಡಗಿದ.

"ತಡೀರಿ ಮೇಡಂ. ಇದು ನಂಬರ್ ಒಂದ ಅಲ್ಲರಿ. ನಂಬರ್ ಒಂದ ಈ ತಾಟಿನಾಗ ಐತಿ."

"ಅಯ್ಯೋ, ನೀವೇ ಅಲ್ವಾ ಈಗ ತಟ್ಟೆ ಬದಲಾಯಿಸಿದ್ದು?"

"ಮಾಡಿದಾಂವ ನಾನ ಖರೆ. ಮಾಡಿಸಿದವರು ನಮ್ಮ ಮಾಮಾ. ವಿಜಯಪುರದಾಗ ಅದಾರ್ರಿ, ನಮ್ಮ ಅಕ್ಕನ ಗಂಡ. ಅವರ ಮಾಳಗಿ ಮ್ಯಾಲ ಏಳ ಫೂಟಿಂದ ಛತ್ರಿ ಐತಿ. ಅದರಾಗ ಬಣ್ಣ ನಮಗಿಂತ ಎರಡಪಟ್ಟ ಕಾಣತಾವಂತ. ಫೋನ್ ಮಾಡಿ, ತಾಟ ಬದಲ ಮಾಡೋ ಅಂದ್ರು. ಅಕ್ಕನ ಗಂಡ, ಇಲ್ಲ ಅನ್ನೂದ ಹೆಂಗ್ರಿ?" ಎಂದವನೇ ನೇರವಾಗಿ ಕ್ಯಾಮೆರಾದ ಕಡೆ ತಿರುಗಿ, "ಮಾಮಾರ, ನೋಡಾಕತ್ತೀರೇನ್ರಿ? ನಾಲಿಗಿಗೆ ಛತ್ರಿ ಬೇಕಾಗಂಗಿಲ್ಲ ನೋಡ್ರಿ!" ಎಂದು ನಕ್ಕ.

ವರದಿಗಾರ್ತಿ ನಗು ತಡೆಯಲಾಗದೆ ಮೈಕನ್ನೇ ಬಾಯಿಗೆ ಒತ್ತಿಕೊಂಡಳು. ಚಿತ್ರ ಮೇಲೆ ಕೆಳಗೆ ಕುಣಿಯಿತು. ಕ್ಯಾಮೆರಾ ಹಿಡಿದವನೂ ನಗುತ್ತಿದ್ದ. ಎಲ್ಲಿಂದಲೋ ಓಡಿ ಬಂದ ಶಾಂತಾ ಇಡೀ ರಾಜ್ಯದ ಎದುರು ತಟ್ಟೆಗಳನ್ನು ಮತ್ತೆ ಅದಲುಬದಲು ಮಾಡಿ, ಹೋಗುವ ಮೊದಲು ಮಲ್ಲಪ್ಪನ ಮೂಗಿಗೆ ಚಸ್ಮಾ ಏರಿಸಿದಳು. ನಮ್ಮ ಮನೆಯಲ್ಲಿ ಅವ್ವ ನಕ್ಕು ನಕ್ಕು ಕೆಮ್ಮು ತಂದುಕೊಂಡಳು. ನಾನು ಚಹಾದ ಕಪ್ಪಿನೊಳಗೆ ಮುಖ ಇಟ್ಟುಕೊಂಡಿದ್ದೆ. ಮಲ್ಲಪ್ಪನ ಮರ್ಯಾದೆ ಹೋಗಲಿಲ್ಲ, ಹೆಚ್ಚಾಯಿತು. ಟೀವಿಯಲ್ಲಿ ತನ್ನ ಮಾಲನ್ನೇ ಇದು ಒಂದನೇ ನಂಬರು ಅಲ್ಲ ಎಂದು ಹೇಳಿದ ರೈತನನ್ನು ಯಾರು ನಂಬದಿರುತ್ತಾರೆ? ಮಾರನೆಯ ದಿನದಿಂದ ವ್ಯಾಪಾರಿಗಳು "ಮಾಮಾನ ಮಣೂಕ ಎಲ್ಲೆ ಸಿಗತೈತ್ರಿ?" ಎಂದು ಕೇಳಿಕೊಂಡು ತಿಕೋಟಾಕ್ಕೆ ಬರತೊಡಗಿದರು. ಸೋಮವಾರ ಬಬಲೇಶ್ವರದ ಕಚೇರಿಗೆ ಹೋದರೆ ಬಸಲಿಂಗಪ್ಪ ನನ್ನ ಮೇಜಿನ ಮೇಲೆ ಒಂದು ಹಸಿರು ಫೈಲು, ಒಂದು ಕಂದು ಫೈಲು ಜೋಡಿಸಿ ಇಟ್ಟು, ಬಾಗಿಲ ಮರೆಯಲ್ಲಿ ನಿಂತಿದ್ದ. ಯಾವುದು ಯಾವುದೆಂದು ಅವನೇ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಆದರೆ ನಾನು ಹೇಳಬೇಕಾದ್ದು ಶನಿವಾರ ಸಂಜೆಯ ವಿಷಯ. ನಗುವೆಲ್ಲ ಮುಗಿದ ಮೇಲೆ ಕಸ್ತೂರಿ ತನ್ನ ದಾರದ ಡಬ್ಬಿ ತಂದು ನನ್ನ ಮುಂದೆ ಕೂತಳು. ಒಂದೊಂದೇ ಉಂಡೆ ಎತ್ತಿ ಹಿಡಿದು, "ಇದು ಯಾವ ಬಣ್ಣರಿ? ಮತ್ತ ಇದು?" ಎಂದು ಕೇಳುತ್ತ ಹೋದಳು. ನಾನು ಹೇಳುತ್ತ ಹೋದೆ. ನೀಲಿ, ಹಳದಿ ಸರಿಹೋದವು. ಆಮೇಲೆ ನಾನು ಹೇಳಿದ ಪ್ರತಿಯೊಂದಕ್ಕೂ ಅವಳ ಮುಖ ಬದಲಾಗುತ್ತಿತ್ತು. ಕೊನೆಗೆ ಡಬ್ಬಿ ಮುಚ್ಚಿ, ಮೆಲ್ಲಗೆ ಹೇಳಿದಳು: "ಲಗ್ನಾದ ವರ್ಷದಿಂದ ನಿಮ್ಮನ್ನ ಗಾಂಧಿ ಚೌಕಕ್ಕ ದಾರ ತರಾಕ ಕಳಸತಿದ್ದೆ. ಪಾಚಿ ಹಸರ ಅಂದ್ರ ಕಾಫಿ ಬಣ್ಣದ್ದ ತರತಿದ್ರಿ. ನಾ ಏನ್ ತಿಳಕೊಂಡಿದ್ದೆ ಗೊತ್ತೇನ್ರಿ? ನನ್ನ ಕೆಲಸಂದ್ರ ನಿಮಗ ಲಕ್ಷ್ಯ ಇಲ್ಲ, ಕೈಗೆ ಸಿಕ್ಕಿದ್ದ ತರತೀರಿ ಅಂತ. ಇಪ್ಪತ್ತೇಳ ವರ್ಷ ಬೈದೆನಲ್ರಿ ನಿಮಗ!" ಅವಳ ಕಣ್ಣಲ್ಲಿ ನೀರಿತ್ತು. ಅಂಗಡಿಯಲ್ಲಿ ಎಷ್ಟು ಹೊತ್ತು ನಿಂತು, ತುಂಡು ಬಟ್ಟೆಯ ಪಕ್ಕದಲ್ಲಿ ದಾರ ಹಿಡಿದು, ಬೆಳಕಿಗೆ ತಂದು ನೋಡಿ, ಇದೇ ಸರಿ ಎಂದು ಖಾತ್ರಿ ಮಾಡಿಕೊಂಡು ತರುತ್ತಿದ್ದೆನೆಂದು ಹೇಳಿದೆ. "ಗೊತ್ತಾತ ಬಿಡ್ರಿ ಈಗ" ಎಂದು ಅವಳು ನನ್ನ ತಲೆ ಮೇಲೆ ಒಮ್ಮೆ ಕೈಯಾಡಿಸಿ ಎದ್ದಳು. ಮುಂದಿನ ಮೂರು ದಿನ ಮನೆಯಲ್ಲಿ ನನಗೆ ಒಂದು ಮಾತಿನ ಬೈಗುಳವೂ ಬೀಳಲಿಲ್ಲ. ಅಷ್ಟರಲ್ಲಿ ಹಳೆಯ ತಪ್ಪುಗಳನ್ನೆಲ್ಲ ಕಣ್ಣಿನ ಲೆಕ್ಕಕ್ಕೆ ಹಾಕಲು ನೋಡಿದೆ. ಕರೆಂಟು ಬಿಲ್ಲು ಕಟ್ಟಲು ಮರೆತದ್ದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲವೆಂದು ನಾಲ್ಕನೇ ದಿನ ಅವಳಿಗೆ ಹೊಳೆಯಿತು.

ಕಣ್ಣಿನ ಡಾಕ್ಟರರ ಹತ್ತಿರ ಅವಳೇ ಕರೆದುಕೊಂಡು ಹೋದಳು. ಅವರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಒಳಗಿರುವ ಅಂಕಿ ಓದಿರಿ ಎಂದರು. ನಾನು ಪುಟದ ಮೇಲೆ ಪುಟ ತಿರುವಿದೆ, ಬರೀ ಚುಕ್ಕೆ. ನನ್ನ ಭುಜದ ಮೇಲಿಂದ ಕಸ್ತೂರಿ ಸಾಲಿ ಹುಡುಗಿಯ ಹಾಗೆ ಪಟಪಟನೆ ಓದುತ್ತಿದ್ದಳು. "ಹುಟ್ಟಿದಾಗಿಂದ ಐತ್ರಿ ನಿಮಗ. ಹಸರು, ಕೆಂಪು, ಕಂದು ಕಲಸತಾವು. ಇದಕ್ಕ ಔಷಧಿಲ್ಲ, ಅಂಜೂದೂ ಬ್ಯಾಡ" ಎಂದರು ಡಾಕ್ಟರರು. ನಾನು ಅವರಿಗೆ ನಾಲ್ಕು-ಎರಡು-ಎರಡು, ಚಹಾದ ಕಪ್ಪು, ಮಾಳಿಗೆಯ ಡಿಶ್ಶು ಎಲ್ಲಾ ಹೇಳಿದೆ. ಬಹಳ ಹೊತ್ತು ಕೇಳಿ, "ಕಪ್ಪ ಎಷ್ಟರ ಇರಲಿ ಬಿಡ್ರಿ, ನಿಮ್ಮ ಕಣ್ಣಾಗ ಚಹಾಪುಡಿನ ಕಡಿಮಿ ಐತಿ" ಎಂದರು. ಮನೆಗೆ ಬಂದು ಹೇಳಿದರೆ ಅವ್ವನಿಗೆ ಆಶ್ಚರ್ಯವೇ ಆಗಲಿಲ್ಲ. ಇಟ್ಟಂಗಿಹಾಳದ ತನ್ನ ಅಪ್ಪನೂ ಹಾಗೇ ಇದ್ದನಂತೆ. ಹಣ್ಣು ಮೆಣಸಿನಕಾಯಿ ಹರಿದು ತಾ ಎಂದರೆ ಗಿಡವನ್ನೇ ಬೋಳಿಸಿ ತರುತ್ತಿದ್ದನಂತೆ. "ನಾವು ಹಣ್ಣು-ಕಾಯಿ ಹಿಚುಕಿ ನೋಡಾಕ ಕಲಿಸಿದ್ವಿ. ಆಮ್ಯಾಲ ತಪ್ಪಲಿಲ್ಲ" ಎಂದಳು.

ಹಾಗಾದರೆ ಮೂರು ವರ್ಷ ನಾನು ಕಂಡ ಆ ಶ್ರೇಷ್ಠ ಬಣ್ಣ ಯಾವುದು? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಗೊತ್ತಿಲ್ಲ. ಕಾರ್ಡಿನ ಜೊತೆ ಬಂದ ಪುಸ್ತಕದಲ್ಲಿ ಬಣ್ಣ ಹೆಚ್ಚು ಎಂದು ಬರೆದಿತ್ತು, ನಾನು ಹೆಚ್ಚು ಕಂಡೆ. ನಾಚಿಕೆಯಿಂದ ನಾನೇ ಪಾನಾ ಹಿಡಿದು ಡಿಶ್ಶು ಬಿಚ್ಚಲು ಮಾಳಿಗೆ ಹತ್ತಿದೆ. ಕಸ್ತೂರಿ ಹಿಂದೆಯೇ ಬಂದು ನಟ್ಟಿನ ಮೇಲೆ ಕೈ ಇಟ್ಟಳು. "ಇರಲಿ ಬಿಡ್ರಿ. ಆವತ್ತ ಮಲ್ಲ್ಯಾನ ತೋಟ ಕಂಡಿದ್ದ ಖರೇನ ಬ್ಯಾರೇನ ಇತ್ತು. ಅದ ಪ್ರಸಾರ ಆಮ್ಯಾಲ ಫೋನಿನಾಗ ನೋಡಿದೆ, ಎಲಿ ಎಲ್ಲಾ ಕಲಸಿದಂಗ ಕಂಡ್ವು. ನೀವು ಹೇಳತಿದ್ದ ವ್ಯತ್ಯಾಸ ನನಗ ಕಾಣತೈತ್ರಿ" ಎಂದಳು. ಡಿಶ್ಶನ್ನು ಮಾಳಿಗೆಯ ಮೂಲೆಗೆ ಸರಿಸಿದೆವು, ಉಳಿದ ಕಡೆ ಶೆಡ್ಡು ಬಂತು. ಟೀವಿ, ಕಂಪ್ಯೂಟರು ಶೆಡ್ಡಿಗೆ ಏರಿದವು. ಈಗ ಎಲ್ಲಿಯದೋ ಉತ್ಸವಕ್ಕೆ ಹುಡುಗಿಯರು ಕುಣಿತದ ತಾಲೀಮು ಮಾಡುವ ಫೀಡು ಸಿಕ್ಕರೆ ಕಸ್ತೂರಿ ಮತ್ತವಳ ಶಿಷ್ಯೆಯರು ಸುತ್ತ ಕೂತು ರವಿಕೆಯ ಅಂಚು, ಕಸೂತಿಯ ದಾರ ನೋಡಿ ಬರೆದುಕೊಳ್ಳುತ್ತಾರೆ. ರಿಮೋಟು ಅವಳ ಕೈಯಲ್ಲಿ. ಇನ್ನೂ ದೊಡ್ಡ ಡಿಶ್ಶು ಸಿಗುತ್ತದೆಯೇ ಎಂದು ಮೊನ್ನೆ ಅವಳೇ ವಿಚಾರಿಸಿದಳು.

ಹೋದ ಭಾನುವಾರ ಸಂಜೆ ಒಂದು ಹೊಸ ಫೀಡು ಸಿಕ್ಕಿತು. ಯಾವುದೋ ಊರಿನ ಆಟಕ್ಕೆ ಸಿದ್ಧತೆ. ಜನರಿಲ್ಲ, ಖಾಲಿ ನೆಲದ ಮೇಲೆ ಕ್ಯಾಮೆರಾ ನಿಂತಿತ್ತು. ಕಸ್ತೂರಿ ಮಿಷಿನ್ನು ತುಳಿಯುವುದನ್ನು ನಿಲ್ಲಿಸಿ, "ಎಂಥಾ ಹಸರ ಹುಲ್ಲ ನೋಡ್ರಿ! ಕಣ್ಣ ತಂಪಾತು" ಎಂದಳು. ನನಗೆ ಹಳೆಯ ಉತ್ಸಾಹ ಉಕ್ಕಿ ಬಂತು. ಶಿಷ್ಯೆಯರ ಕಡೆ ತಿರುಗಿ, ಕುರ್ಚಿ ಮುಂದಕ್ಕೆಳೆದು, ನಾಲ್ಕು-ಎರಡು-ಎರಡರಲ್ಲಿ ಹುಲ್ಲಿನ ಹಸಿರು ಯಾಕೆ ಹೀಗೆ ಎದ್ದು ಕಾಣುತ್ತದೆ, ಒಂದೊಂದು ಎಸಳೂ ಹೇಗೆ ಬೇರೆ ಬೇರೆ ನಿಲ್ಲುತ್ತದೆ ಎಂದು ಹತ್ತು ನಿಮಿಷ ವಿವರಿಸಿದೆ. ಎಲ್ಲರೂ ಬಾಯಿಗೆ ಸೆರಗು ಒತ್ತಿಕೊಂಡು ಬಹಳ ಲಕ್ಷ್ಯದಿಂದ ಕೇಳುತ್ತಿದ್ದಾರೆಂದು ನಾನು ತಿಳಿದೆ. ಅಷ್ಟರಲ್ಲಿ ಇಬ್ಬರು ಪೈಲ್ವಾನರು ಪರದೆಯೊಳಗೆ ಬಂದು, ಬಗ್ಗಿ ಆ ಹುಲ್ಲನ್ನು ಬೊಗಸೆ ತುಂಬ ಎತ್ತಿ ತೊಡೆಗೆ ತಿಕ್ಕಿಕೊಂಡರು. ಅದು ಕುಸ್ತಿ ಕಣದ ಕೆಂಪು ಮಣ್ಣು.